ಜರಿಗಿಡದ ‘ಬೀಜ’

ಜರಿಗಿಡದ ಎಲೆಯನ್ನು ಮಗುಚಿ ನೋಡಿದರೆ ಕಂದುಬಣ್ಣದ ಚುಕ್ಕೆಗಳ ಸಾಲು ಕಾಣುತ್ತದೆ. ಹೂವನ್ನೇ ಬಿಡದ ಈ ಗಿಡವು ತನ್ನ ವಂಶವನ್ನು ಬೆಳೆಸುವ ಬಗೆ ಯೂರೋಪಿನ ಹಿಂದಿನ ಜನರಿಗೆ ಬಿಡಿಸಲಾರದ ಒಗಟಾಗಿತ್ತು. ಬೀಜವಿಲ್ಲದೆ ಗಿಡವಿಲ್ಲ, ಜರಿಯ ಬೀಜವೋ ಕಣ್ಣಿಗೆ ಬೀಳದು, ಆದುದರಿಂದ ಅದು ಅದೃಶ್ಯವಾದುದೇ ಸರಿ ಎಂದು ಅವರು ತರ್ಕಿಸಿದರು. ಸಂತ ಯೋಹಾನನ ಹಬ್ಬದ ಹಿಂದಿನ ರಾತ್ರಿ ಅದನ್ನು ಸಂಗ್ರಹಿಸಿದವನು ತಾನೂ ಅದೃಶ್ಯನಾಗುವನೆಂಬ ನಂಬಿಕೆ ಹುಟ್ಟಿದುದು ಹೀಗೆ. ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ಯಲ್ಲಿ ಕಳ್ಳನೊಬ್ಬನು ಈ ಬೀಜದ ಮಾತನ್ನೆತ್ತುತ್ತಾನೆ, ಅದು ಅವನ ವೃತ್ತಿಗೆ ಒಪ್ಪುವ ಮಾತೇ.

ಸೂಕ್ಷ್ಮದರ್ಶಕವು ಬಂದಮೇಲೆ ಚುಕ್ಕೆಯ ಗುಟ್ಟು ಅರ್ಧ ಬಯಲಾಯಿತು. ಇಂಗ್ಲೆಂಡಿನ ನೆಹೆಮಿಯಾ ಗ್ರೂ 1682ರ ತನ್ನ ಗ್ರಂಥದಲ್ಲಿ ಜರಿಯ ‘ಬೀಜದ ಕರಡಿಗೆ’ಗಳನ್ನು ವರ್ಣಿಸಿದನು. ಇವನ್ನೇ ನಾವು ಇಂದು ಬೀಜಾಣುಧಾನಿಗಳೆನ್ನುತ್ತೇವೆ. ಪ್ರತಿಯೊಂದು ಚುಕ್ಕೆಯೂ ಇಂಥ ಅನೇಕ ಧಾನಿಗಳ ಗೊಂಚಲು. ಸಾಮಾನ್ಯ ಜರಿಗಳಲ್ಲಿ ಧಾನಿಯನ್ನು ದಪ್ಪಗೋಡೆಯ ಜೀವಕೋಶಗಳ ಉಂಗುರವೊಂದು ಸುತ್ತಿರುತ್ತದೆ. ನೀರು ಆರಿದಂತೆ ಉಂಗುರವು ಹಿಂದಕ್ಕೆ ಬಾಗಿ ಧಾನಿಯು ಬಿರಿಯುತ್ತದೆ. ಬಿಗಿತವು ತಾಳಲಾರದಷ್ಟಾದಾಗ ಉಂಗುರವು ಥಟ್ಟನೆ ಮುಂದಕ್ಕೆ ಚಿಮ್ಮಿ ಬೀಜಾಣುಗಳನ್ನು ಕವಣೆಯ ಕಲ್ಲಿನಂತೆ ಎಸೆಯುತ್ತದೆ. ಧಾನಿಯೊಂದರಲ್ಲಿ ಇವು ಸಾಮಾನ್ಯವಾಗಿ 64.

ಶಿಲೀಂಧ್ರಗಳ ವಿಷಯದಲ್ಲಿ ಫ್ಲಾರೆನ್ಸಿನ ಮಿಕೇಲಿಯು ಒಂದು ಹೆಜ್ಜೆ ಮುಂದೆ ಹೋದನು. ಬೂಷ್ಟಿನ ಧೂಳನ್ನು ಕರಬೂಜದ ಹೋಳುಗಳ ಮೇಲೆ ಬಿತ್ತಿ, ಅದೇ ಜಾತಿಯ ಬೂಷ್ಟು ಮತ್ತೆ ಹುಟ್ಟುವುದನ್ನು 1729ರಲ್ಲಿ ಪ್ರಕಟಿಸಿದನು. ಆದರೂ ಬೂಷ್ಟು ಕೊಳೆತದಿಂದ ತಾನಾಗಿ ಹುಟ್ಟುವುದೆಂಬ ಮತವು ಮುಂದಿನ ಶತಮಾನದವರೆಗೂ ಅಳಿಯಲಿಲ್ಲ.

ಜರಿಯ ಧೂಳನ್ನು ಬಿತ್ತಿದವರಲ್ಲಿ ಜಮೈಕಾದ ವೈದ್ಯ ಜಾನ್ ಲಿಂಡ್ಸೆಯು ಸ್ಮರಣೀಯನು. ಅವನ ಲೇಖನವು 1794ರಲ್ಲಿ ಲಂಡನ್ನಿನ ಲಿನೀಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಮೊದಲು ಹುಟ್ಟಿದುದು ಜರಿಯಲ್ಲ, ಪುಟ್ಟ ಹಸುರು ಹಾಳೆ. ಅದನ್ನು ಮೊಳಕೆಯ ಎಲೆಯೆಂದೇ ವಿದ್ವಾಂಸರು ಬಹುಕಾಲ ಎಣಿಸಿದರು. 1844ರಲ್ಲಿ ನೇಗೆಲಿಯು ಆ ಹಾಳೆಯ ಮೇಲೆ ಚಲಿಸುವ ಪುರುಷಾಣುಗಳನ್ನೂ, 1848ರಲ್ಲಿ ಲೆಷ್ಚಿಚ್-ಸುಮಿನ್‌ಸ್ಕಿಯು ಸ್ತ್ರೀ ಅಂಗವನ್ನೂ ಕಂಡರು. 1851ರಲ್ಲಿ ಹಾಫ್‌ಮೈಸ್ಟರನು ಎಲ್ಲವನ್ನೂ ಒಂದು ಸೂತ್ರದಲ್ಲಿ ಪೋಣಿಸಿದನು: ಬೀಜಾಣುವಿನಿಂದ ಹಾಳೆ, ಹಾಳೆಯಲ್ಲಿ ಗರ್ಭಧಾರಣೆ, ಅದರಿಂದ ಜರಿ, ಹೀಗೆ ಎರಡು ತಲೆಮಾರುಗಳು ಒಂದಾದಮೇಲೊಂದು ಬರುತ್ತವೆ.

ಬೀಜದೊಳಗೆ ಭ್ರೂಣವುಂಟು, ಬೀಜಾಣುವಾದರೋ ಭ್ರೂಣವಿಲ್ಲದ ಒಂಟಿ ಜೀವಕೋಶ. ನಮ್ಮ ‘ಬೀಜಾಣು’ ಎಂಬ ಪದವು ಹಳೆಯ ಭ್ರಮೆಯನ್ನು ಇನ್ನೂ ಹೊತ್ತು ನಡೆದಿದೆಯೆಂದು ನಮಗೆ ತೋರುತ್ತದೆ. ಪದವು ಬೇರೂರಿರುವುದರಿಂದ ಅದನ್ನು ಕೀಳುವುದು ಬೇಡ. ತರಗತಿಯಲ್ಲಿ ಅದನ್ನು ಮೊದಲ ಬಾರಿ ಉಚ್ಚರಿಸುವಾಗಲೇ ಈ ಭೇದವನ್ನು ಹೇಳಿಬಿಡುವುದು ಲೇಸು.

ಹಾಫ್‌ಮೈಸ್ಟರನಿಗೆ ಆಗ 27 ವರ್ಷ. ಲೈಪ್‌ಜಿಗ್‌ನಲ್ಲಿ ತಂದೆಯ ಸಂಗೀತಪುಸ್ತಕಗಳ ವ್ಯಾಪಾರವೇ ಅವನ ಜೀವನೋಪಾಯವಾಗಿತ್ತು, ವಿಶ್ವವಿದ್ಯಾನಿಲಯದಲ್ಲಿ ಓದಿದವನಲ್ಲ. 1863ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯವು ಅವನನ್ನು ಸಸ್ಯಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ಕರೆಸಿಕೊಂಡಿತು.