ಸೀನು ಬರಿಸದ ಧೂಳೇ ಹೆಚ್ಚು ಅಪಾಯ: ಶ್ವಾಸಕೋಶ ಹೇಗೆ ಕೆಲಸ ಮಾಡುತ್ತೆ?

ಹಂಗಾಮಿನ ದಿನಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಕಾಲಿಟ್ಟರೆ ಸಾಕು, ಹೊಸಬರಿಗೆ ಸೀನು, ಕೆಮ್ಮು ಒಟ್ಟಿಗೇ ಶುರು. ಮೂಗಿಗೆ ಟವೆಲ್ ಕಟ್ಟದೆ ನಿಲ್ಲೋಕೆ ಆಗಲ್ಲ. ಆದರೆ ಟೈಲ್ಸ್ ಕೊಯ್ಯುವ, ಕಲ್ಲು ಕಡಿಯುವ ಜಾಗದಲ್ಲಿ ದಿನವಿಡೀ ದುಡಿಯುವವರಿಗೆ ಅಷ್ಟೊಂದು ಸೀನು ಬರಲ್ಲ. ಹಾಗಂತ ಅಲ್ಲಿನ ಗಾಳಿ ಒಳ್ಳೆಯದು ಅಂತ ಅಲ್ಲ. ಅಲ್ಲಿನ ನುಣ್ಣನೆ ಧೂಳು ಮೂಗಿಗೆ ಗೊತ್ತಾಗದಂತೆ ಎದೆಯ ಆಳಕ್ಕೆ ಇಳಿಯುತ್ತದೆ. ಇದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಶ್ವಾಸಕೋಶದ ರಚನೆ ನೋಡಬೇಕು.

ಗಾಳಿ ಹೋಗುವ ದಾರಿ

ಮೂಗಿನಿಂದ ಒಳಗೆ ಹೋದ ಗಾಳಿ ಗಂಟಲು ದಾಟಿ ಶ್ವಾಸನಾಳಕ್ಕೆ ಇಳಿಯುತ್ತದೆ. ಇದು ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದದ ಕೊಳವೆ. ಅದು ಮುಚ್ಚಿಕೊಳ್ಳದಂತೆ ಮೃದು ಎಲುಬಿನ ಅರ್ಧ ಬಳೆಗಳು ಹಿಡಿದಿಟ್ಟಿರುತ್ತವೆ. ಅನ್ನದ ಅಗುಳು ಇಲ್ಲಿಗೆ ಬೀಳದಂತೆ ಮೇಲೊಂದು ಮುಚ್ಚಳವೂ ಇದೆ. ಊಟ ಮಾಡುತ್ತಾ ಮಾತಾಡಿದಾಗ ನೆತ್ತಿಗೆ ಹತ್ತೋದು ಈ ಮುಚ್ಚಳದ ಲೆಕ್ಕ ತಪ್ಪಿದಾಗಲೇ.

ಎದೆಯೊಳಗೆ ನಾಳ ಎರಡಾಗಿ ಒಡೆದು ಬಲ ಮತ್ತು ಎಡ ಶ್ವಾಸಕೋಶಕ್ಕೆ ಹೋಗುತ್ತದೆ. ಬಲಗಡೆ ಮೂರು ಭಾಗ, ಎಡಗಡೆ ಎರಡೇ ಭಾಗ. ಎಡಗಡೆ ಹೃದಯಕ್ಕೂ ಜಾಗ ಬೇಕಲ್ಲ! ಅಲ್ಲಿಂದ ಮುಂದೆ ಮರದ ಕೊಂಬೆ ಕವಲೊಡೆದಂತೆ ಸುಮಾರು 23 ಸಲ ಕವಲಾಗಿ, ಕೊನೆಗೆ ಚಿಕ್ಕ ಚಿಕ್ಕ ಗಾಳಿ ಚೀಲಗಳಲ್ಲಿ ಮುಗಿಯುತ್ತದೆ.

ಏಳು ಮಳಿಗೆಯಷ್ಟು ಜಾಗ

ಈ ಗಾಳಿ ಚೀಲಗಳ ಸಂಖ್ಯೆ 30 ಕೋಟಿಗೂ ಹೆಚ್ಚು. ಒಂದೊಂದರ ಅಗಲ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಮಾತ್ರ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಅಂದರೆ ಹತ್ತಡಿಗೆ ಹತ್ತಡಿಯ ಏಳು ಅಂಗಡಿ ಮಳಿಗೆಗಳ ನೆಲದಷ್ಟು. ಅದೆಲ್ಲ ಒಂದೇ ಎದೆಗೂಡಿನಲ್ಲಿ ಮಡಚಿ ಇಟ್ಟಿದೆ.

ಚೀಲದ ಗೋಡೆ ಕಾಗದಕ್ಕಿಂತಲೂ ಎಷ್ಟೋ ಪಟ್ಟು ತೆಳು. ಅದರ ಆಚೆ ಬದಿಯಲ್ಲಿ ರಕ್ತ ಹರಿಯುತ್ತದೆ. ಗಾಳಿಯಲ್ಲಿನ ಆಮ್ಲಜನಕ ಗೋಡೆ ದಾಟಿ ರಕ್ತಕ್ಕೆ ಸೇರುತ್ತದೆ, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಈಚೆಗೆ ಬರುತ್ತದೆ. ಒಳಗೆ ಎಳೆಯುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21, ಹೊರಗೆ ಬಿಡುವ ಗಾಳಿಯಲ್ಲಿ ಸುಮಾರು ಶೇ 16.

ಉಸಿರು ಎಳೆಯೋದು ಯಾರು?

ಶ್ವಾಸಕೋಶಕ್ಕೆ ತಾನಾಗಿ ಹಿಗ್ಗುವ ಶಕ್ತಿ ಇಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ಕಮಾನಿನಂತಿರುವ ವಪೆ ಎಂಬ ಸ್ನಾಯು ಕೆಳಗೆ ಜಗ್ಗಿದಾಗ, ಪಕ್ಕೆಲುಬುಗಳು ಮೇಲೆದ್ದಾಗ ಎದೆಗೂಡು ಹಿಗ್ಗಿ ಗಾಳಿ ಒಳಗೆ ನುಗ್ಗುತ್ತದೆ. ಸ್ನಾಯು ಸಡಿಲಾದರೆ ಗಾಳಿ ಹೊರಗೆ.

ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ, ಸಲಕ್ಕೆ ಅರ್ಧ ಲೀಟರಿನಷ್ಟು ಗಾಳಿ ಎಳೆಯುತ್ತಾರೆ. ನಿಮಿಷಕ್ಕೆ 15 ಅಂತ ಹಿಡಿದರೂ ದಿನಕ್ಕೆ 10,800 ಲೀಟರ್. ಮೂಟೆ ಹೊರುವ ಹಮಾಲರಿಗೆ ಇದು ಇನ್ನೂ ಜಾಸ್ತಿ. ಗಾಳಿಯಲ್ಲಿ ಧೂಳಿದ್ದರೆ ಅವರೊಳಗೆ ಹೋಗುವ ಧೂಳೂ ಜಾಸ್ತಿ.

ಮೂರು ಹಂತದ ಕಾವಲು

ಮೊದಲ ಕಾವಲು ಮೂಗು. ದಪ್ಪ ಧೂಳನ್ನು ಕೂದಲು ಮತ್ತು ಸಿಂಬಳ ಹಿಡಿದುಕೊಳ್ಳುತ್ತವೆ, ಸೀನು ಹೊರಗೆ ತಳ್ಳುತ್ತದೆ.

ಎರಡನೆಯದು ನಾಳದೊಳಗಿನ ಅಂಟು ಪದರ ಮತ್ತು ಸೂಕ್ಷ್ಮ ರೋಮಗಳು. ಅಂಟಿಗೆ ಸಿಕ್ಕ ಧೂಳನ್ನು ಈ ರೋಮಗಳು ಹಗಲು ರಾತ್ರಿ ಮೇಲಕ್ಕೆ ಗುಡಿಸುತ್ತಲೇ ಇರುತ್ತವೆ. ಬೀಡಿ, ಸಿಗರೇಟಿನ ಹೊಗೆ ಇದೇ ರೋಮಗಳನ್ನು ಕೆಡಿಸುತ್ತದೆ. ಆಮೇಲೆ ಕಫ ಹೊರಗೆ ಹಾಕೋಕೆ ಕೆಮ್ಮೊಂದೇ ದಾರಿ. ಬೀಡಿ ಸೇದುವವರ ಬೆಳಗಿನ ಕೆಮ್ಮಿಗೆ ಇದೂ ಒಂದು ಕಾರಣ.

ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗಕ್ಕಿಂತ ಚಿಕ್ಕ ಕಣಗಳು ಎರಡೂ ಕಾವಲು ತಪ್ಪಿಸಿ ಗಾಳಿ ಚೀಲದವರೆಗೆ ಹೋಗಬಲ್ಲವು. ಅಲ್ಲಿ ರೋಮಗಳಿಲ್ಲ. ಕಸ ನುಂಗುವ ಕಣಗಳಷ್ಟೇ ಇವೆ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾವನ್ನು ನುಂಗಿದರೆ ಅವೇ ಸಾಯುತ್ತವೆ. ಆ ಜಾಗದಲ್ಲಿ ಗಾಯ ಮಾಗಿದಂತೆ ಕಲೆ ಕಟ್ಟಿ ಶ್ವಾಸಕೋಶ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಪೂರ್ತಿ ವಾಸಿ ಮಾಡುವ ಔಷಧ ಇಲ್ಲ, ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು.

ಡಾಕ್ಟರಿಗೆ ಕೆಲಸ ಏನು ಅಂತ ಹೇಳಿ

ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬರುವ ಸಾಧ್ಯತೆಯೂ ಹೆಚ್ಚು. ಹಾಗಾಗಿ ಕ್ವಾರಿ, ಕ್ರಷರ್, ಗ್ರಾನೈಟ್ ಪಾಲಿಶ್ ಕೆಲಸ ಎಷ್ಟು ವರ್ಷ ಮಾಡಿದ್ದು ಅಂತ ಡಾಕ್ಟರು ಕೇಳದಿದ್ದರೂ ಹೇಳಬೇಕು. ಕಾನೂನಿನ ಪ್ರಕಾರ ಸಿಲಿಕೋಸಿಸ್ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ.

ಹತ್ತಿ ಜಿನ್ನಿಂಗ್ ಮಿಲ್ಲುಗಳಲ್ಲಿ ವಾರದ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿದಂತಾಗುವುದು ಹತ್ತಿ ಧೂಳಿನ ಕಾಯಿಲೆಯ ಗುರುತು. ಹಿಟ್ಟಿನ ಗಿರಣಿಯ ಧೂಳು ಕೆಲವರಿಗೆ ಅಸ್ತಮಾ ತರುತ್ತದೆ. ಸೌದೆ ಒಲೆ ಮುಂದೆ ವರ್ಷಗಟ್ಟಲೆ ಕೂತ ಹೆಣ್ಣುಮಕ್ಕಳಿಗೆ ಬೀಡಿ ಮುಟ್ಟದೆಯೂ ದಮ್ಮು ಬರಬಹುದು.

ಜನರೇಟರ್ ಹೊರಗಿರಲಿ

ಕರೆಂಟ್ ಹೋದಾಗ ಅಂಗಡಿಯೊಳಗೆ ಅಥವಾ ಅರ್ಧ ಶಟರ್ ಎಳೆದು ಜನರೇಟರ್ ಓಡಿಸಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕೆಂಡ ಇಟ್ಟುಕೊಂಡು ಮಲಗುವುದೂ ಅಷ್ಟೇ ಅಪಾಯ. ಇವೆರಡರಿಂದಲೂ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಸೀನೂ ಬರಲ್ಲ. ರಕ್ತಕ್ಕೆ ಅಂಟಿಕೊಳ್ಳುವುದರಲ್ಲಿ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿ. ತಲೆನೋವು, ವಾಕರಿಕೆ, ಮಂಪರು ಬಂದರೆ ತಕ್ಷಣ ಹೊರಗೆ ಬರಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷ ಏರಿದಾಗಲೂ ಸರಿಯಾಗಿದೆ ಅಂತಲೇ ತೋರಿಸಬಹುದು, ಅದನ್ನು ನಂಬಬಾರದು.

ಮಾಡಬಹುದಾದ್ದು

* ಅಂಗಡಿ ಬಾಗಿಲು ತೆಗೆದ ಕೂಡಲೇ ಒಣ ಕಸ ಹೊಡೆಯದೆ, ಹಿರಿಯರು ಮಾಡುತ್ತಿದ್ದಂತೆ ನೀರು ಚಿಮುಕಿಸಿ ಗುಡಿಸಿ.
* ಟೈಲ್ಸ್, ಕಲ್ಲು ಕೊಯ್ಯುವಾಗ ನೀರು ಬಿಟ್ಟುಕೊಂಡೇ ಕೊಯ್ಯಿರಿ.
* ಟವೆಲ್ ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ನುಣ್ಣನೆ ಧೂಳಿಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು.
* ಅಸ್ತಮಾಕ್ಕೆ ಡಾಕ್ಟರು ಪಂಪ್ ಕೊಟ್ಟರೆ ‘ಚಟ ಆಗುತ್ತೆ’ ಅಂತ ಬಿಡಬೇಡಿ. ಔಷಧ ನೇರ ನಾಳಕ್ಕೆ ಹೋಗುವುದರಿಂದ ಮಾತ್ರೆಗಿಂತ ತುಂಬಾ ಕಡಿಮೆ ಪ್ರಮಾಣ ಸಾಕು.
* ಬೀಡಿ, ಸಿಗರೇಟ್ ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವೇ. ಬಿಟ್ಟ ಕೆಲವು ತಿಂಗಳಲ್ಲಿ ನಾಳದ ರೋಮಗಳು ಮತ್ತೆ ಕೆಲಸಕ್ಕೆ ಮರಳುತ್ತವೆ.

ಎರಡು ವಾರದ ಕೆಮ್ಮು ಸುಮ್ಮನೆ ಬಿಡಬೇಡಿ

ಕೆಮ್ಮು ಎರಡು ವಾರ ದಾಟಿದರೆ ಮೆಡಿಕಲ್ ಶಾಪಿನ ಸಿರಪ್‌ನಲ್ಲೇ ದಿನ ದೂಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಕಫ ಪರೀಕ್ಷೆಯೂ ಔಷಧವೂ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಪೌಷ್ಟಿಕ ಆಹಾರಕ್ಕೆಂದು ರೋಗಿಯ ಖಾತೆಗೆ ಕೊಡುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಲಾಗಿದೆ.

ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆ ಜ್ವರ, ನಾಲ್ಕು ಮೆಟ್ಟಿಲಿಗೇ ಏದುಸಿರು ಇದ್ದರೆ ಎರಡು ವಾರವೂ ಕಾಯುವಂತಿಲ್ಲ. ತುಟಿ ನೀಲಿಯಾದರೆ, ಮಾತಾಡಲಾಗದಷ್ಟು ಉಸಿರು ಕಟ್ಟಿದರೆ ಕೂಡಲೇ 108ಕ್ಕೆ ಫೋನ್ ಮಾಡಿ.