ಮೆದುಳಿನ ಆಪರೇಷನ್ ಕಲಿಯುವುದು ಎಲ್ಲಿ? ದೇಹದಾನದ ಬಗ್ಗೆ ನಂಬಿಕೆಗಳು ಮತ್ತು ನಿಜ

ಮನೆಯಲ್ಲಿ ಯಾರಿಗಾದರೂ ಮೆದುಳಿನ ಅಥವಾ ಬೆನ್ನುಹುರಿಯ ಆಪರೇಷನ್ ಆಗಬೇಕು ಎಂದಾಗ ಎಲ್ಲರೂ ವಿಚಾರಿಸುವುದು ಒಂದೇ: ‘ಡಾಕ್ಟರ ಕೈಗುಣ ಹೇಗಿದೆ?’ ಕೈಗುಣ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಅಭ್ಯಾಸ. ಆ ಅಭ್ಯಾಸ ಎಲ್ಲಿ ನಡೆಯುತ್ತದೆ ಎಂದು ಕೇಳುವವರು ಕಡಿಮೆ. ಮೊದಲ ತಪ್ಪುಗಳು ಜೀವಂತ ರೋಗಿಯ ಮೇಲೆ ಆಗಬಾರದು ಎಂದರೆ, ಬೇರೆ ಯಾರೋ ತಮ್ಮ ದೇಹವನ್ನು ಅದಕ್ಕೆ ಕೊಟ್ಟಿರಬೇಕು. ಈ ಲೇಖನ ಆ ಕೊಡುಗೆಯ ಬಗ್ಗೆ: ಅದು ಏಕೆ ಬೇಕು, ಅದರ ಸುತ್ತ ಇರುವ ತಪ್ಪು ತಿಳಿವಳಿಕೆಗಳೇನು, ಬೆಳಗಾವಿ ಮತ್ತು ಖಾನಾಪುರ ಭಾಗದವರು ಕೊಡಬೇಕೆಂದರೆ ಏನು ಮಾಡಬೇಕು.

ಬೆಳಗಾವಿಯಲ್ಲಿ ನಡೆದ ಒಂದು ಪಾಠ

ಬೈಲಹೊಂಗಲದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ 2008ರಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ವಿದ್ಯಾರ್ಥಿಗಳ ಕಲಿಕೆಗೆ ಕೊಡಬೇಕು, ಮಗನೇ ಅದರ ಛೇದನ ಮಾಡಬೇಕು ಎಂಬುದು ಅವರ ಇಚ್ಛೆಯಾಗಿತ್ತು. ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕರು. ಎರಡು ವರ್ಷ ಸಂರಕ್ಷಿಸಿ ಇಟ್ಟಿದ್ದ ತಂದೆಯ ದೇಹವನ್ನು 2010ರಲ್ಲಿ ಅವರು ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದರು. ದೇಶದಾದ್ಯಂತ ಅದು ಸುದ್ದಿಯಾಯಿತು. ದೇಹದಾನ ಎಂಬ ಪದವನ್ನೇ ಕೇಳದಿದ್ದ ಅನೇಕರು ಆ ಸುದ್ದಿಯಿಂದ ಅದನ್ನು ತಿಳಿದರು.

ಅದು ಮೆದುಳಿನ ಶಸ್ತ್ರಚಿಕಿತ್ಸೆಯ ತರಬೇತಿ ಆಗಿರಲಿಲ್ಲ, ವಿದ್ಯಾರ್ಥಿಗಳಿಗೆ ದೇಹರಚನೆಯ ಪಾಠವಾಗಿತ್ತು. ಆದರೆ ಮುಂದೆ ನ್ಯೂರೋಸರ್ಜನ್ ಆಗುವವರೂ ಶುರು ಮಾಡುವುದು ಇಂಥ ಮೇಜಿನ ಪಕ್ಕದಲ್ಲೇ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ಮೂರು ವರ್ಷದ ಎಂಎಸ್, ಮತ್ತೆ ಮೂರು ವರ್ಷದ ಎಂಸಿಎಚ್ ಓದಬೇಕು. ನಿಮ್ಹಾನ್ಸ್‌ನಂಥ ಕೆಲವು ಸಂಸ್ಥೆಗಳಲ್ಲಿ ಎಂಬಿಬಿಎಸ್ ಮುಗಿಸಿ ನೇರವಾಗಿ ಆರು ವರ್ಷದ ಕೋರ್ಸ್ ಸೇರುವ ದಾರಿಯೂ ಇದೆ. ಇಷ್ಟು ವರ್ಷಗಳಲ್ಲಿ ಇಡೀ ದೇಹವನ್ನು ಪದರ ಪದರವಾಗಿ ಬಿಡಿಸಿ ನೋಡಲು ಸಮಯ ಸಿಗುವುದು ಮುಖ್ಯವಾಗಿ ಎಂಬಿಬಿಎಸ್ ಮೊದಲ ವರ್ಷದಲ್ಲಿ.

ಮೆದುಳಿಗೆ ಇಷ್ಟು ಅಭ್ಯಾಸ ಏಕೆ?

ವಯಸ್ಕರ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಅದು ಗಿಣ್ಣಿನಷ್ಟು ಮೆತ್ತಗೆ. ಹೊರತೆಗೆದು ಮೇಜಿನ ಮೇಲೆ ಇಟ್ಟರೆ ತನ್ನ ಭಾರಕ್ಕೇ ಚಪ್ಪಟೆಯಾಗುತ್ತದೆ. ತಲೆಬುರುಡೆಯೊಳಗೆ ಅದು ದ್ರವದಲ್ಲಿ ತೇಲುತ್ತಿರುವುದರಿಂದ ಅಲ್ಲಿ ಅದರ ತೂಕ 50 ಗ್ರಾಂ ಆಸುಪಾಸಿನಷ್ಟೇ ಇದ್ದಂತೆ. ಇಂಥ ಅಂಗವನ್ನು ಒತ್ತದೆ, ಎಳೆಯದೆ, ಅದರ ಮಡಿಕೆಗಳ ನಡುವಿನ ಸಂದಿನಲ್ಲಿ ದಾರಿ ಮಾಡಿಕೊಂಡು ಒಳಗಿನ ಗಡ್ಡೆಯನ್ನು ತಲುಪಬೇಕು.

ಸೂಕ್ಷ್ಮದರ್ಶಕದ ಕೆಳಗೆ ಮೆದುಳಿನ ರಕ್ತನಾಳ ಹೊಲಿಯುವ ದಾರ ತಲೆಗೂದಲಿಗಿಂತ ತೆಳ್ಳಗಿರುತ್ತದೆ. ಕೈ ಒಂದು ಮಿಲಿಮೀಟರ್ ಅದುರಿದರೂ ಅಲ್ಲಿ ಅದು ದೊಡ್ಡ ದೂರ. ಬೆನ್ನಿನಲ್ಲೂ ಹಾಗೆಯೇ. ಮುರಿದ ಅಥವಾ ಜಾರಿದ ಮೂಳೆಯನ್ನು ಹಿಡಿದಿಡಲು ಕಶೇರುಮಣಿಯ ‘ಪೆಡಿಕಲ್’ ಎಂಬ ಕಿರಿದಾದ ಮೂಳೆಸೇತುವೆಯೊಳಗೆ ಸ್ಕ್ರೂ ಕೂರಿಸುತ್ತಾರೆ. ಆ ಸೇತುವೆಯ ಒಂದು ಪಕ್ಕದಲ್ಲಿ ಬೆನ್ನುಹುರಿ ಅಥವಾ ನರಗಳು, ಮುಂದೆ ದೊಡ್ಡ ರಕ್ತನಾಳಗಳು. ಸ್ಕ್ರೂ ದಾರಿ ತಪ್ಪಿದರೆ ಕಾಲಿನ ಶಕ್ತಿ ಹೋಗಬಹುದು.

ಮೊಟ್ಟೆ, ಕೋಳಿ ರೆಕ್ಕೆ ಸಾಲದೇ?

ತರಬೇತಿಯ ಮೊದಲ ಮೆಟ್ಟಿಲುಗಳು ನಿಜವಾಗಿಯೂ ಅಡುಗೆಮನೆಯ ವಸ್ತುಗಳೇ. ಡ್ರಿಲ್ ಹಿಡಿತ ಬರಲು ಹಸಿ ಮೊಟ್ಟೆಯ ಚಿಪ್ಪನ್ನು ಮಾತ್ರ ಸವೆಸಿ, ಒಳಗಿನ ತೆಳುಪೊರೆ ಹರಿಯದಂತೆ ನೋಡಿಕೊಳ್ಳುವ ಅಭ್ಯಾಸವಿದೆ. ತಲೆಬುರುಡೆ ಮತ್ತು ಅದರ ಕೆಳಗಿನ ಪೊರೆಗೂ ಇದೇ ನಾಜೂಕು ಬೇಕು. ಕೋಳಿ ರೆಕ್ಕೆಯ ರಕ್ತನಾಳ ಮೆದುಳಿನ ಸಣ್ಣ ರಕ್ತನಾಳಕ್ಕೆ ಹತ್ತಿರದ ಗಾತ್ರದ್ದಾದ್ದರಿಂದ ಹೊಲಿಗೆ ಕಲಿಯಲು ಅದನ್ನು ಬಳಸುತ್ತಾರೆ. ಹೆರಿಗೆಯ ನಂತರ ಹೊರಬರುವ ಕಸದ (ಮಾಸಿನ) ಮೇಲಿನ ರಕ್ತನಾಳಗಳನ್ನೂ ಬಳಸುವುದುಂಟು. ಈಗ 3ಡಿ ಮುದ್ರಿತ ತಲೆಬುರುಡೆಗಳು, ಕಂಪ್ಯೂಟರ್ ಸಿಮ್ಯುಲೇಟರ್‌ಗಳೂ ಬಂದಿವೆ.

ಇವೆಲ್ಲ ಕೈಯನ್ನು ಪಳಗಿಸುತ್ತವೆ, ದಾರಿಯನ್ನು ಕಲಿಸುವುದಿಲ್ಲ. ಒಂದೇ ವಿನ್ಯಾಸದಿಂದ ಮುದ್ರಿಸಿದ ಮಾದರಿಗಳೆಲ್ಲ ಒಂದೇ ಥರ ಇರುತ್ತವೆ, ಮನುಷ್ಯರು ಹಾಗಿಲ್ಲ. ಮೆದುಳಿನ ಬುಡದಲ್ಲಿ ರಕ್ತನಾಳಗಳು ಸೇರಿ ಉಂಗುರದಂತೆ ಆಗುತ್ತವೆ. ಇಂಗ್ಲೆಂಡಿನ ಥಾಮಸ್ ವಿಲಿಸ್ 1664ರ ತನ್ನ ಗ್ರಂಥದಲ್ಲಿ ವಿವರಿಸಿದ್ದರಿಂದ ಅದಕ್ಕೆ ‘ವಿಲಿಸ್ ವೃತ್ತ’ ಎಂದು ಹೆಸರು. ಪುಸ್ತಕದ ಚಿತ್ರದಲ್ಲಿರುವಂತೆ ಆ ಉಂಗುರ ಪೂರ್ತಿಯಾಗಿ ಇರುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಉಳಿದವರಲ್ಲಿ ಒಂದು ಕೊಂಡಿ ಕೂದಲೆಳೆಯಂತಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಆ ವ್ಯತ್ಯಾಸವನ್ನು ಹತ್ತಾರು ದೇಹಗಳಲ್ಲಿ ಕಂಡವರು ಆಪರೇಷನ್ ನಡುವೆ ಗಾಬರಿಯಾಗುವುದಿಲ್ಲ.

ಅಮೆರಿಕದ ಆಲ್ಬರ್ಟ್ ರೋಟನ್ ಎಂಬ ನ್ಯೂರೋಸರ್ಜನ್ ದಶಕಗಳ ಕಾಲ ಇದೇ ಕೆಲಸ ಮಾಡಿದರು. ದಾನ ಬಂದ ದೇಹಗಳ ಅಪಧಮನಿಗೆ ಕೆಂಪು, ಅಭಿಧಮನಿಗೆ ನೀಲಿ ಬಣ್ಣ ತುಂಬಿ, ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ಚಿತ್ರ ತೆಗೆದರು. ಜಗತ್ತಿನ ಎಲ್ಲೆಡೆಯ ನ್ಯೂರೋಸರ್ಜನ್‌ಗಳು ಇಂದಿಗೂ ಆ ಚಿತ್ರಗಳನ್ನು ನೋಡಿ ಕಲಿಯುತ್ತಾರೆ. ಸ್ವಿಟ್ಜರ್ಲೆಂಡಿನ ಯೋಸೆಫ್ ಕ್ಲಿಂಗ್ಲರ್ 1930ರ ದಶಕದಲ್ಲಿ ಇನ್ನೊಂದು ಉಪಾಯ ಕಂಡುಹಿಡಿದರು. ಫಾರ್ಮಲಿನ್‌ನಲ್ಲಿ ಇಟ್ಟ ಮೆದುಳನ್ನು ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಮಂಜಿನ ಹರಳಾಗಿ ಹಿಗ್ಗಿ ನರತಂತುಗಳನ್ನು ಬೇರೆ ಬೇರೆ ಮಾಡುತ್ತದೆ. ಆಮೇಲೆ ಅವುಗಳನ್ನು ನಾರು ಬಿಡಿಸಿದಂತೆ ಬಿಡಿಸಿ, ಮಾತಿನ ದಾರಿ ಯಾವುದು, ದೃಷ್ಟಿಯ ದಾರಿ ಯಾವುದು ಎಂದು ನೋಡಬಹುದು.

ನಮ್ಮ ಜನರ ದೇಹಗಳೇ ಬೇಕು ಎನ್ನುವುದಕ್ಕೂ ಕಾರಣವಿದೆ. ಬೆನ್ನಿನ ಕೆಲವು ಭಾಗಗಳಲ್ಲಿ ಭಾರತೀಯರ ಪೆಡಿಕಲ್ ಪಾಶ್ಚಾತ್ಯರದಕ್ಕಿಂತ ಸರಾಸರಿ ಸಣ್ಣದು ಎಂದು ಇಲ್ಲಿನ ಅಧ್ಯಯನಗಳು ತೋರಿಸಿವೆ. ಬೇರೆಯವರ ಅಳತೆಗೆ ಮಾಡಿದ ಸ್ಕ್ರೂ ನಮ್ಮವರಿಗೆ ದೊಡ್ಡದಾಗಬಹುದು. ಅಳತೆ ನಮ್ಮದೇ ಇರಬೇಕು.

ಕರ್ನಾಟಕದ ಮೆದುಳು ಬ್ಯಾಂಕ್

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದವರು ಡಾ. ಆರ್. ಎಂ. ವರ್ಮ. ಅದೇ ಸಂಸ್ಥೆಯ ನರರೋಗಲಕ್ಷಣಶಾಸ್ತ್ರ ವಿಭಾಗದಲ್ಲಿ ಡಾ. ಎಸ್. ಕೆ. ಶಂಕರ್ ಅವರ ಪ್ರಯತ್ನದಿಂದ 1995ರಲ್ಲಿ ಮಾನವ ಮೆದುಳಿನ ಅಂಗಾಂಶ ಬ್ಯಾಂಕ್ ಶುರುವಾಯಿತು. ಪಾರ್ಕಿನ್ಸನ್, ಮರೆವಿನ ಕಾಯಿಲೆ, ಮೆದುಳಿನ ಗಡ್ಡೆ, ಸೋಂಕು ಮುಂತಾದವುಗಳ ಸಂಶೋಧನೆಗೆ ಅಲ್ಲಿಂದ ಮಾದರಿಗಳು ಸಿಗುತ್ತವೆ. ಸಂಸ್ಥೆಯ ಮೆದುಳು ಸಂಗ್ರಹಾಲಯವನ್ನು ಸಾರ್ವಜನಿಕರೂ ನೋಡಬಹುದು.

ಆದರೆ ಸಂಶೋಧನೆಗೆ ಬೇಕಾದ ಮೆದುಳನ್ನು ಸಾವಿನ ನಂತರ ಕೆಲವೇ ಗಂಟೆಗಳಲ್ಲಿ ತೆಗೆದು ಸಂರಕ್ಷಿಸಬೇಕು. ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್. ಹಾಗಾಗಿ ಈ ಭಾಗದವರಿಗೆ ಹೆಚ್ಚು ಅನುಕೂಲವಾಗುವುದು ಹತ್ತಿರದ ಕಾಲೇಜಿಗೆ ಇಡೀ ದೇಹವನ್ನು ಕೊಡುವುದು.

ತಪ್ಪು ನಂಬಿಕೆಗಳು ಮತ್ತು ನಿಜ

‘ಬೆನ್ನಿನಿಂದ ನೀರು ತೆಗೆದರೆ ಕಾಲು ಬಿದ್ದುಹೋಗುತ್ತವೆ.’ ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಮತ್ತು ಎರಡನೇ ಕಶೇರುಮಣಿಯ ಆಸುಪಾಸಿನಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಮೂರು ಮತ್ತು ನಾಲ್ಕನೆಯದರ ಅಥವಾ ನಾಲ್ಕು ಮತ್ತು ಐದನೆಯದರ ನಡುವೆ. ಅಲ್ಲಿ ಇರುವುದು ಕುದುರೆಬಾಲದಂತೆ ದ್ರವದಲ್ಲಿ ತೇಲುವ ನರಗಳು, ಸೂಜಿ ತಾಗಿದರೆ ಅವು ಪಕ್ಕಕ್ಕೆ ಸರಿಯುತ್ತವೆ. ಈ ಭಯದಿಂದ ಮೆದುಳುಜ್ವರದ ಪರೀಕ್ಷೆಯನ್ನೇ ಬೇಡ ಎನ್ನುವ ಕುಟುಂಬಗಳಿವೆ. ತಡವಾದಷ್ಟೂ ಅಪಾಯ ರೋಗಿಗೇ. ಬೆನ್ನುಹುರಿ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಾದದ್ದೂ ಛೇದನದ ಮೇಜಿನ ಮೇಲೆಯೇ.

‘ಅಂಗಾಂಗದಾನ, ದೇಹದಾನ ಎರಡೂ ಒಂದೇ.’ ಅಲ್ಲ. ಹೃದಯ, ಯಕೃತ್ತು, ಮೂತ್ರಪಿಂಡದಂಥ ಅಂಗಗಳನ್ನು ಸಾಮಾನ್ಯವಾಗಿ ಮೆದುಳು ನಿಷ್ಕ್ರಿಯಗೊಂಡ, ಅಂದರೆ ಬ್ರೇನ್ ಡೆತ್ ಆದ ವ್ಯಕ್ತಿಯಿಂದ ಪಡೆಯುತ್ತಾರೆ. ಅದು ಕೋಮಾ ಅಲ್ಲ. 1994ರ ಕಾನೂನಿನ ಪ್ರಕಾರ ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಕರ್ನಾಟಕದಲ್ಲಿ ಇದನ್ನು ‘ಜೀವಸಾರ್ಥಕತೆ’ ಸಂಸ್ಥೆ ಸಮನ್ವಯ ಮಾಡುತ್ತದೆ. ದೇಹದಾನ ಎಂದರೆ ಸಹಜ ಸಾವಿನ ನಂತರ ಇಡೀ ದೇಹವನ್ನು ಕಲಿಕೆಗೆ ಕೊಡುವುದು. ಅಂಗಗಳನ್ನು ತೆಗೆದ ದೇಹವನ್ನು ಛೇದನಕ್ಕೆ ಕಾಲೇಜುಗಳು ಸಾಮಾನ್ಯವಾಗಿ ಪಡೆಯುವುದಿಲ್ಲ.

‘ಕಣ್ಣು ಕೊಟ್ಟರೆ ದೇಹ ಕೊಡಲು ಬರುವುದಿಲ್ಲ.’ ಬರುತ್ತದೆ. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆದುಕೊಂಡು, ಆಮೇಲೆ ದೇಹ ಒಪ್ಪಿಸಬಹುದು.

‘ಫಾರಂಗೆ ಸಹಿ ಹಾಕಿದರೆ ಸಾಕು.’ ಸಾಲದು. ತೀರಿಕೊಂಡ ಮೇಲೆ ಕಾಲೇಜಿಗೆ ತಿಳಿಸಿ ದೇಹ ಒಪ್ಪಿಸುವವರು ಮನೆಯವರು. ಅವರು ಒಪ್ಪದಿದ್ದರೆ ಕಾಲೇಜು ಒತ್ತಾಯ ಮಾಡುವುದಿಲ್ಲ. ಅದಕ್ಕೇ ಸಹಿಗಿಂತ ಮೊದಲು ಮನೆಯಲ್ಲಿ ಮಾತಾಗಬೇಕು.

‘ದೇಹಕ್ಕೆ ಸಂಸ್ಕಾರ ಸಿಗುವುದಿಲ್ಲ, ಮರ್ಯಾದೆ ಇರುವುದಿಲ್ಲ.’ ಮನೆಯಲ್ಲಿ ಪೂಜೆ, ಪ್ರಾರ್ಥನೆ, ಕೊನೆಯ ದರ್ಶನ ಎಲ್ಲ ಮುಗಿಸಿಯೇ ದೇಹ ಒಪ್ಪಿಸಬಹುದು. ಅನೇಕ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಛೇದನ ಶುರು ಮಾಡುವ ಮೊದಲು ದೇಹವನ್ನು ಗುರುವೆಂದು ಕಾಣುವ ಪ್ರತಿಜ್ಞೆ ಮಾಡುತ್ತಾರೆ. ಕಲಿಕೆ ಮುಗಿದ ಮೇಲೆ ಉಳಿದ ಭಾಗಗಳ ಅಂತ್ಯಸಂಸ್ಕಾರವನ್ನು ಕಾಲೇಜೇ ಮಾಡುತ್ತದೆ. ಹೂಳುವ ಪದ್ಧತಿ ಇರುವ ಮನೆತನಗಳು, ಸಮಾಧಿ ಇಲ್ಲದಿದ್ದರೆ ಹೇಗೆ ಎಂದು ಹಿಂಜರಿಯುವುದು ಸಹಜ. ಅದು ಪ್ರತಿ ಕುಟುಂಬವೂ ತಾನೇ ತೀರ್ಮಾನಿಸಬೇಕಾದ ವಿಷಯ, ತಪ್ಪು ಮಾಹಿತಿಯ ಮೇಲೆ ತೀರ್ಮಾನ ಆಗಬಾರದು ಅಷ್ಟೇ.

‘ದೇಹ ಕೊಟ್ಟರೆ ದುಡ್ಡು ಕೊಡುತ್ತಾರೆ.’ ಇಲ್ಲ. ಇದು ದಾನ, ಮಾರಾಟವಲ್ಲ. ಹಣದ ಮಾತಾಡುವ ಮಧ್ಯವರ್ತಿ ಯಾರಾದರೂ ಬಂದರೆ ದೂರವಿಡಿ.

ಬೆಳಗಾವಿ, ಖಾನಾಪುರದವರು ಮಾಡಬೇಕಾದದ್ದು

ಬೆಳಗಾವಿ ನಗರದಲ್ಲಿ 1963ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು, ಸರ್ಕಾರಿ ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆ (ಬಿಮ್ಸ್), ಮತ್ತು ಮೇಲೆ ಹೇಳಿದ ಆಯುರ್ವೇದ ಮಹಾವಿದ್ಯಾಲಯ ಇವೆ. ಯಾವುದೇ ಕಾಲೇಜಿನಲ್ಲಿ ಕೇಳಬೇಕಾದದ್ದು ಅಂಗರಚನಾಶಾಸ್ತ್ರ, ಅಂದರೆ ಅನಾಟಮಿ ವಿಭಾಗವನ್ನು.

1. ವಿಭಾಗದಿಂದ ದೇಹದಾನದ ಫಾರಂ ಪಡೆದು, ಮನೆಯವರನ್ನು ಸಾಕ್ಷಿ ಮಾಡಿ ಸಹಿ ಹಾಕಿ. ಒಂದು ಪ್ರತಿ ಮನೆಯವರ ಕೈಗೆ ಸಿಗುವಂತಿರಲಿ.
2. ವಿಭಾಗದ ಫೋನ್ ನಂಬರನ್ನು ಕನಿಷ್ಠ ಇಬ್ಬರ ಮೊಬೈಲ್‌ನಲ್ಲಿ ಉಳಿಸಿಡಿ. ರಾತ್ರಿ ಮತ್ತು ರಜಾದಿನ ಯಾರಿಗೆ ಫೋನ್ ಮಾಡಬೇಕು ಎಂದೂ ಕೇಳಿಡಿ.
3. ಸಾವು ಸಂಭವಿಸಿದಾಗ ವೈದ್ಯರಿಂದ ಮರಣದ ಕಾರಣದ ಪ್ರಮಾಣಪತ್ರ ಪಡೆಯಿರಿ. ಕೊಡುವವರ ಮತ್ತು ತೀರಿಕೊಂಡವರ ಗುರುತಿನ ಚೀಟಿ ಜೊತೆಗಿರಲಿ.
4. ದೇಹ ಕೆಡುವ ಮೊದಲು ತಲುಪಬೇಕು. ಖಾನಾಪುರ ಪಟ್ಟಣದಿಂದ ಬೆಳಗಾವಿ ಸುಮಾರು 26 ಕಿಲೋಮೀಟರ್, ಕಷ್ಟವಿಲ್ಲ. ಆದರೆ ಕಣಕುಂಬಿ, ಲೋಂಡಾ ಕಡೆಯ ಕಾಡಂಚಿನ ಊರುಗಳಿಂದ ಮಳೆಗಾಲದಲ್ಲಿ ಹೊರಡುವುದಾದರೆ ಮೊದಲು ಫೋನ್, ಆಮೇಲೆ ವಾಹನ. ತಡವಾಗುವಂತಿದ್ದರೆ ಹತ್ತಿರದ ಆಸ್ಪತ್ರೆಯ ಶೀತಲ ಪೆಟ್ಟಿಗೆ ಸಿಗುತ್ತದೆಯೇ ವಿಚಾರಿಸಿ.
5. ಎಲ್ಲ ದೇಹಗಳನ್ನೂ ಪಡೆಯುವುದಿಲ್ಲ. ಅಪಘಾತ, ಆತ್ಮಹತ್ಯೆಯಂಥ ಪೊಲೀಸ್ ಪ್ರಕರಣ, ಮರಣೋತ್ತರ ಪರೀಕ್ಷೆಯಾದ ದೇಹ, ಎಚ್‌ಐವಿ ಅಥವಾ ಹೆಪಟೈಟಿಸ್ ಬಿ, ಸಿ ಸೋಂಕಿದ್ದ ದೇಹವನ್ನು ಸಾಮಾನ್ಯವಾಗಿ ನಿರಾಕರಿಸುತ್ತಾರೆ. ವಯಸ್ಸಾಗಿದೆ ಎಂಬುದು ಅಡ್ಡಿಯಲ್ಲ. ನಿರಾಕರಿಸಿದರೆ ಎಂದಿನ ಅಂತ್ಯಕ್ರಿಯೆಗೆ ಮನೆಯವರು ತಯಾರಿರಬೇಕು.

ಕೊನೆಯದಾಗಿ

ನಮ್ಮ ರಾಜ್ಯದಲ್ಲಿ 1957ರ ಅಂಗರಚನಾಶಾಸ್ತ್ರ ಕಾಯ್ದೆಯಡಿ ವಾರಸುದಾರರಿಲ್ಲದ ಶವಗಳನ್ನು ವೈದ್ಯಕೀಯ ಕಾಲೇಜುಗಳಿಗೆ ಕೊಡಲು ಅವಕಾಶವಿದೆ. ಅಂದರೆ ಬದುಕಿದ್ದಾಗ ಯಾರೂ ಇಲ್ಲದವರು, ಯಾರೂ ಕೇಳದೆಯೇ, ವೈದ್ಯರಿಗೆ ಗುರುಗಳಾಗುತ್ತಾ ಬಂದಿದ್ದಾರೆ. ದೇಹದಾನದಲ್ಲಿ ವ್ಯಕ್ತಿ ತಾನೇ ಒಪ್ಪಿ ಕೊಡುತ್ತಾನೆ. ನಾಳೆ ನಮ್ಮ ಮನೆಯ ಹುಡುಗನೊಬ್ಬನ ತಲೆಯಲ್ಲಿ ಗಡ್ಡೆ ಸಿಕ್ಕರೆ ಕೈ ಪಳಗಿದ ಸರ್ಜನ್ ಬೇಕು ಎಂದು ನಾವೆಲ್ಲ ಬಯಸುತ್ತೇವೆ. ಆ ಕೈ ಪಳಗುವುದಕ್ಕೆ ನಮ್ಮ ಪಾಲು ಏನು ಎಂಬ ಮಾತು, ಎಲ್ಲರೂ ಆರೋಗ್ಯವಾಗಿರುವ ಒಂದು ದಿನ ಮನೆಯಲ್ಲಿ ಬರಲಿ. ಸಾವಿನ ಮನೆಯಲ್ಲಿ ಅದನ್ನು ಮೊದಲ ಸಲ ಎತ್ತುವುದು ಯಾರಿಗೂ ಸುಲಭವಲ್ಲ.