ಮನೆತನದ ಜೋಡುನಳಿಗೆಯ ಬಂದೂಕು

ಹಿರಿಯರು ಗತಿಸಿದ ತರುವಾಯ ಅವರ ಪೆಟ್ಟಿಗೆಯಲ್ಲಿಯ ಬಂಗಾರಕ್ಕೆ ಬೆಲೆಕಟ್ಟುವದು ಕಠಿಣವಲ್ಲ. ಅಕ್ಕಸಾಲಿಗನ ಒರೆಗಲ್ಲು ಅದರ ಗುಣವನ್ನು ಹೇಳಿಬಿಡುವದು. ಆದರೆ ಖಾನಾಪುರದ ಅಡವಿಸೀಮೆಯ ಹಳೆಯ ವಾಡೆಯೊಂದರಲ್ಲಿ ಅಜ್ಜನ ಕಾಲದ ಜರ್ಮನ್ ಜೋಡುನಳಿಗೆಯ ಬಂದೂಕು ಉಳಿದುಬಂದಿದ್ದರೆ, ಮೊಮ್ಮಗನು ಅದನ್ನು ಯಾವ ಒರೆಗಲ್ಲಿಗೆ ಹಚ್ಚಬೇಕು? “ಕ್ರುಪ್ ಕಾರಖಾನೆಯದು, ಲಕ್ಷಗಟ್ಟಲೆ ಬಾಳುವದು” ಎಂದು ಒಬ್ಬರು, “ಹಳೆಯ ಕಬ್ಬಿಣ” ಎಂದು ಇನ್ನೊಬ್ಬರು ಹೇಳುವರು. ಇಬ್ಬರೂ ಬಂದೂಕನ್ನು ಓದದೆ ಆಡಿದ ಮಾತು ಅದು.

ಈ ನಾಡಿನಲ್ಲಿ ಬಂದೂಕು ಬರಿಯ ಬೇಟೆಯ ಸಾಧನವಾಗಿ ಉಳಿಯಲಿಲ್ಲ. 1824ರ ಅಕ್ಟೋಬರ 23ರಂದು ಕಿತ್ತೂರಿನಲ್ಲಿ ಕಲೆಕ್ಟರ ಥ್ಯಾಕರೆಯು ಗುಂಡಿಗೆ ಬಲಿಯಾದನು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು 1857ರಲ್ಲಿ ಹಲಗಲಿಯ ಬೇಡರು ಧಿಕ್ಕರಿಸಿ ಪ್ರಾಣತೆತ್ತರು. ಕೊನೆಗೆ 1878ರ ಕಾಯದೆಯು ಪರವಾನಗಿಯಿಲ್ಲದೆ ಆಯುಧವನ್ನು ಇಟ್ಟುಕೊಳ್ಳಕೂಡದೆಂದು ವಿಧಿಸಿತು. ಅಂದಿನಿಂದ ನ್ಯಾಯಮಾರ್ಗದಿಂದ ಮನೆಗೆ ಬಂದ ಬಂದೂಕು ಕಾಗದದೊಡನೆಯೇ ಬಂದಿತು. ಆದಕಾರಣ ಅಜ್ಜನ ಪರವಾನಗಿ ಪತ್ರವು ಮೊದಲನೆಯ ಸಾಕ್ಷಿ. ನಳಿಗೆಯ ಮೇಲಣ ಮುದ್ರೆಗಳು ಎರಡನೆಯ ಸಾಕ್ಷಿ.

ಒಳಗೆ ತೋಟೆಯಿಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ನಳಿಗೆಗಳನ್ನು ಬಿಡಿಸಿ ಮಗುಚಿ ನೋಡಿದರೆ ಅಡಿಯಲ್ಲಿ ಚಿಕ್ಕ ಚಿಕ್ಕ ಅಚ್ಚುಗಳು ಕಾಣುವವು. ‘ಕ್ರುಪ್’ ಎಂಬುದು ಉಕ್ಕಿನ ಹೆಸರೇ ಹೊರತು ಬಂದೂಕನ್ನು ಮಾಡಿದವನ ಹೆಸರಲ್ಲ. ಎಸೆನ್ ಪಟ್ಟಣದ ಆ ಉಕ್ಕನ್ನು ಅನೇಕ ಬಂದೂಕುಗಾರರು ಬಳಸುತ್ತಿದ್ದರು. ಅಂಥವರ ದೊಡ್ಡ ನೆಲೆಯು ಥುರಿಂಗಿಯಾದ ಸೂಲ್ ಪಟ್ಟಣ. 1751ರಲ್ಲಿ ಸ್ಥಾಪಿತವಾದ ಸಾವರ್ ಕಾರಖಾನೆಯು ಅಲ್ಲಿಯದೇ. ಜರ್ಮನಿಯ 1891ರ ಕಾಯದೆಯ ಮೇರೆಗೆ ಬಂದೂಕುಗಳನ್ನು ಪರೀಕ್ಷಾಶಾಲೆಯಲ್ಲಿ ಹಾರಿಸಿ ನೋಡಿ ಅಚ್ಚೊತ್ತುತ್ತಿದ್ದರು. ಕಿರೀಟದ ಕೆಳಗಿನ ‘ಯು’ ಅಕ್ಷರವು ಪರಿಶೀಲನೆಯಾದುದನ್ನೂ, ‘ಎಸ್’ ಸಣ್ಣ ಸೀಸದ ಗುಂಡುಗಳಿಗಾಗಿ ಇರುವ ನಳಿಗೆಯನ್ನೂ, ‘ಡಬ್ಲ್ಯೂ’ ಬಾಯಿ ಕಿರಿದಾದ ನಳಿಗೆಯನ್ನೂ ಸೂಚಿಸುವವು. ಕಿರೀಟದ ಕೆಳಗಿನ ‘ಎನ್’ ಹೊಗೆಯಿಲ್ಲದ ಮದ್ದಿನ ಪರೀಕ್ಷೆಯದು. ಹದ್ದಿನ ಕೆಳಗೆ ‘ಎನ್’ ಇದ್ದರೆ ಬಂದೂಕು 1940ರ ಈಚಿನದು.

ಅನೇಕ ಬಂದೂಕುಗಳಲ್ಲಿ ಪರೀಕ್ಷೆಯ ತಿಂಗಳು ವರ್ಷಗಳೂ ಇರುವವು. ‘4.28’ ಎಂದಿದ್ದರೆ ಅದು 1928ರ ಏಪ್ರಿಲ ತಿಂಗಳು. ಆಗ “ಅಜ್ಜನು ಇದನ್ನು 1910ರಲ್ಲಿ ಬೆಳಗಾವಿಯ ದಂಡಿನ ಸಾಹೇಬನಿಂದ ಕೊಂಡನು” ಎಂಬ ಮನೆಯ ಮಾತು ನಿಲ್ಲಲಾರದು. 1914ರಲ್ಲಿ ಯುದ್ಧ ಹೂಡಿದೊಡನೆ ಬ್ರಿಟಿಷರು ಜರ್ಮನಿಯೊಡನೆ ವ್ಯಾಪಾರವನ್ನು ನಿಷೇಧಿಸಿದರು. 1939ರಲ್ಲಿಯೂ ಹಾಗೆಯೇ ಆಯಿತು. ಈ ಎರಡು ಯುದ್ಧಗಳ ನಡುವಣ ಶಾಂತಿಕಾಲದ ಸರಕು ಅದೆಂದು ಆ ಅಂಕಿಗಳೇ ಸಾರುವವು. ಅಜ್ಜನ ಮೇಲಣ ಪ್ರೀತಿಗೆ ಇದರಿಂದ ಕುಂದಿಲ್ಲ. ಕಥೆಯು ಮಾತ್ರ ತಿದ್ದಲ್ಪಡುವದು.

ಇನ್ನು ಬೆಲೆಯ ಮಾತು. ಮಾಡಿದವನ ಹೆಸರು, ನಳಿಗೆಯ ಒಳಮೈಯಲ್ಲಿ ತುಕ್ಕಿನ ಕುಳಿಗಳಿಲ್ಲದಿರುವದು, ಮುಚ್ಚಿದಾಗ ಕೀಲು ಅಲುಗಾಡದಿರುವದು, ಮೂಲದ ಮರವೇ ಉಳಿದಿರುವದು, ಇವು ಬೆಲೆಯನ್ನು ಏರಿಸುವವು. ಹಳೆಯ ಜರ್ಮನ್ ನಳಿಗೆಗಳಲ್ಲಿ ಹಲವಕ್ಕೆ ತೋಟೆಯ ಮನೆಯು 65 ಮಿಲಿಮೀಟರಿನದು. ಅದರಲ್ಲಿ 70 ಮಿಲಿಮೀಟರಿನ ತೋಟೆಯನ್ನು ಹಾರಿಸುವದು ಅಪಾಯಕರ. ತುಕ್ಕು ತೆಗೆಯುವ ನೆವದಿಂದ ಅಚ್ಚುಗಳನ್ನು ಅರದಿಂದ ಉಜ್ಜಿಸುವವರು ತಮ್ಮ ಬಂದೂಕಿನ ಸಾಕ್ಷಿಯನ್ನು ತಾವೇ ಅಳಿಸುವರು.

ಇಷ್ಟೆಲ್ಲ ಇದ್ದರೂ ಪರದೇಶದ ಹರಾಜಿನ ಬೆಲೆಯು ಇಲ್ಲಿ ಬಾರದು. 1972ರ ವನ್ಯಜೀವಿ ಕಾಯದೆಯಿಂದ ಬೇಟೆಯ ಕಾಲವು ಮುಗಿಯಿತು. ಖಾನಾಪುರದ ಭೀಮಗಡವು 2011ರಲ್ಲಿ ಅಭಯಾರಣ್ಯವಾಯಿತು. 1959ರ ಕಾಯದೆಯ ಪ್ರಕಾರ ಬಂದೂಕನ್ನು ಅಧಿಕಾರವುಳ್ಳವನಿಗೆ ಮಾತ್ರ ಮಾರಬಹುದು. 2019ರ ತಿದ್ದುಪಡಿಯಿಂದ ಒಬ್ಬನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಡಲಾರನು. ಪರವಾನಗಿದಾರನು ತೀರಿದರೆ ವಾರಸುದಾರನು ತಡಮಾಡದೆ ಅದನ್ನು ಪೊಲೀಸ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಒಪ್ಪಿಸಿ, ತನ್ನ ಹೆಸರಿನ ಪರವಾನಗಿಗೆ ಅರ್ಜಿ ಹಾಕಬೇಕು. ನಿಯಮಿತ ಅವಧಿಯು ಮೀರಿದರೆ ಅದು ಸರಕಾರದ ಪಾಲಾಗುವದು.

ಹೀಗಿರುವದರಿಂದ ಅಟ್ಟದ ಮೇಲೆ ಬಚ್ಚಿಟ್ಟ ಬಂದೂಕಿಗೆ ಬೆಲೆಯಿಲ್ಲ, ಭಯ ಮಾತ್ರವುಂಟು. ಕಾಗದವನ್ನು ಕಾಯ್ದವನು ಬಂದೂಕನ್ನೂ ಕಾಯ್ದನು. ಅದರೊಡನೆ ಅಜ್ಜನ ನಿಜವಾದ ಕಥೆಯನ್ನೂ ಕಾಯ್ದನು.